ನೂರಿಪ್ಪತ್ತು ಸ್ವಿಚ್‌ಗೆ ಒಂದೇ ಕೀಲಿ: ಲಗ್ಗೆರೆಯಲ್ಲಿ ಕ್ಲಸ್ಟರ್, ಪೀಣ್ಯದಲ್ಲಿ ನೆಟ್‌ವರ್ಕ್

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಇವತ್ತಿನ ಮಾತು ಸ್ವಲ್ಪ ತಾಂತ್ರಿಕ. ಹಾಗಂತ ದೊಡ್ಡ ಐಟಿ ಕಂಪನಿಯಲ್ಲಿ ಇರೋರಿಗೆ ಮಾತ್ರ ಅಂತ ಅಲ್ಲ. ಪೀಣ್ಯದಲ್ಲಿ ಸಣ್ಣ ಕಾರ್ಖಾನೆ ನಡೆಸೋರು, ಅಲ್ಲಿ ಐಟಿ ಅಂತ ಇರೋ ಒಬ್ಬನೇ ಒಬ್ಬ ಹುಡುಗ, ಡಿಪ್ಲೊಮಾ ಮುಗಿಸಿ ನೆಟ್‌ವರ್ಕ್ ಕೆಲಸಕ್ಕೆ ಸೇರಿದವರು, ಇವರನ್ನೆಲ್ಲ ಮನಸ್ಸಲ್ಲಿ ಇಟ್ಕೊಂಡು ಮಾತಾಡ್ತಿದ್ದೀನಿ.

ಬೆಂಗಳೂರಿನ ಐಟಿ ಅಂದ ತಕ್ಷಣ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ನೆನಪಾಗತ್ತೆ. ಲಗ್ಗೆರೆ ಯಾರಿಗೂ ನೆನಪಾಗಲ್ಲ. ರಿಂಗ್ ರೋಡ್ ಪಕ್ಕದ ನಮ್ಮ ಲಗ್ಗೆರೆ, ಚೌಡೇಶ್ವರಿನಗರ, ಆ ಕಡೆ ರಾಜಗೋಪಾಲನಗರ, ಅದನ್ನು ದಾಟಿದರೆ ಪೀಣ್ಯ. ಕೆಳಗಡೆ ಲೇತ್, ಮೇಲೆ ಮನೆ ಇರೋ ಬೀದಿಗಳು ಇಲ್ಲಿ ಈಗಲೂ ಇವೆ. ಆದರೆ ಆ ಲೇತ್ ಪಕ್ಕದಲ್ಲಿ ಈಗ ಸಿಎನ್‌ಸಿ ಮೆಷಿನ್ ಬಂದಿದೆ, ಅದಕ್ಕೆ ಪ್ರೋಗ್ರಾಂ ನೆಟ್‌ವರ್ಕ್ ಮೇಲೆ ಹೋಗತ್ತೆ. ಹಾಜರಿಗೆ ಬೆರಳಚ್ಚು ಯಂತ್ರ, ಗೇಟಿಗೆ ಸಿಸಿಟಿವಿ, ಲೆಕ್ಕಕ್ಕೆ ಸಾಫ್ಟ್‌ವೇರ್. ಅದಕ್ಕಿಂತ ಮುಖ್ಯವಾಗಿ, 2023ರ ಆಗಸ್ಟ್‌ 1ರಿಂದ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೆಲ್ಲ ಜಿಎಸ್‌ಟಿಯ ಇ–ಇನ್‌ವಾಯ್ಸ್ ಕಡ್ಡಾಯ. ಮಾಲು 50 ಸಾವಿರ ರೂಪಾಯಿಗಿಂತ ಹೆಚ್ಚಿನದಾದರೆ ಇ–ವೇ ಬಿಲ್ ಬೇಕು. ನೆಟ್‌ವರ್ಕ್ ನಿಂತ್ರೆ ಬಿಲ್ ಬರಲ್ಲ. ಬಿಲ್ ಬರದೇ ಇದ್ರೆ ಲಾರಿ ಗೇಟ್ ದಾಟಲ್ಲ. ಹತ್ತು ವರ್ಷದ ಹಿಂದೆ ಇಂಟರ್ನೆಟ್ ಹೋದ್ರೆ ‘ಆಮೇಲೆ ಮೇಲ್ ಕಳಿಸೋಣ ಬಿಡಪ್ಪ’ ಅಂತಿದ್ದ ಓನರ್, ಈಗ ಐದು ನಿಮಿಷಕ್ಕೊಂದು ಫೋನ್ ಮಾಡ್ತಾರೆ.

ಈಗ ಒಂದು ಲೆಕ್ಕ ಹಾಕೋಣ. ಲಗ್ಗೆರೆಯಲ್ಲಿ ಒಂದು ಸಣ್ಣ ಸರ್ವಿಸ್ ಕಂಪನಿ ಇದೆ ಅಂದ್ಕೊಳ್ಳಿ. ನಾಲ್ಕೈದು ಜನ. ಮೂವತ್ತು ಕಾರ್ಖಾನೆಗಳ ನೆಟ್‌ವರ್ಕ್ ಇವರ ಜವಾಬ್ದಾರಿ. ಒಂದೊಂದರಲ್ಲಿ ನಾಲ್ಕು ಸ್ವಿಚ್ ಅಂದ್ರೂ ನೂರಿಪ್ಪತ್ತು ಆಯ್ತು. ಅದರಲ್ಲಿ ಒಬ್ಬ ಹುಡುಗ ಕೆಲಸ ಬಿಟ್ಟ. ಒಳ್ಳೆಯ ಹುಡುಗನೇ, ಜಗಳ ಏನೂ ಇಲ್ಲ. ಆದರೆ ಎಲ್ಲ ಪಾಸ್‌ವರ್ಡ್ ಅವನಿಗೆ ಗೊತ್ತು. ಬದಲಾಯಿಸಬೇಕು. ಒಂದೊಂದು ಸ್ವಿಚ್‌ಗೆ ಲಾಗಿನ್ ಆಗಿ, ಬದಲಾಯಿಸಿ, ಸೇವ್ ಮಾಡಿ, ಮತ್ತೆ ಲಾಗಿನ್ ಆಗಿ ನೋಡೋಕೆ ಆರು ನಿಮಿಷ ಅಂದ್ರೆ ಹನ್ನೆರಡು ಗಂಟೆ. ಓಡಾಟದ ಲೆಕ್ಕ ಇದರಲ್ಲಿ ಸೇರಿಲ್ಲ. ಹಾಗಾಗಿ ಏನಾಗತ್ತೆ? ಯಾರೂ ಬದಲಾಯಿಸಲ್ಲ. ಅದೇ ಪಾಸ್‌ವರ್ಡ್, ನೂರಿಪ್ಪತ್ತೂ ಸ್ವಿಚ್‌ಗೆ, ವರ್ಷಗಟ್ಟಲೆ.

ಈ ಕೆಲಸಕ್ಕೇ ನೆಟ್‌ವರ್ಕ್ ಆಟೊಮೇಷನ್ ಬೇಕಾಗೋದು. ನಮ್ಮಂಥವರು ಹೆಚ್ಚು ಬಳಸೋದು ಆನ್ಸಿಬಲ್ ಅನ್ನೋ ಮುಕ್ತ ತಂತ್ರಾಂಶ. 2012ರಲ್ಲಿ ಮೈಕೆಲ್ ಡಿಹಾನ್ ಅನ್ನೋರು ಶುರು ಮಾಡಿದ್ದು, 2015ರಲ್ಲಿ ರೆಡ್‌ಹ್ಯಾಟ್ ಕಂಪನಿ ಕೊಂಡುಕೊಳ್ತು. ಇದರ ಗುಣ ಏನಪ್ಪ ಅಂದ್ರೆ, ಸ್ವಿಚ್ ಒಳಗೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ನಾವು ಲಾಗಿನ್ ಆಗೋ ಹಾಗೇ ಅದೂ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗತ್ತೆ, ನಾವು ಬರೆದಿಟ್ಟ ಪ್ಲೇಬುಕ್ ಪ್ರಕಾರ ಕೆಲಸ ಮಾಡತ್ತೆ, ಏನು ಮಾಡಿದೆ ಅಂತ ವರದಿ ಕೊಡತ್ತೆ. ಇದನ್ನು ಒಂದು ಲ್ಯಾಪ್‌ಟಾಪ್‌ನಿಂದ ಓಡಿಸಬಹುದು. ಎಷ್ಟೋ ಜನ ಹಾಗೇ ಓಡಿಸ್ತಾರೆ.

ಲ್ಯಾಪ್‌ಟಾಪ್ ಸಾಕಾಗದೇ ಇರೋದು ಯಾವಾಗ? ನಾಲ್ಕು ಜನ ಅದೇ ಕೆಲಸ ಮಾಡುವಾಗ. ಯಾರು, ಯಾವಾಗ, ಯಾವ ಕಾರ್ಖಾನೆಯಲ್ಲಿ ಏನು ಬದಲಾಯಿಸಿದರು ಅನ್ನೋ ಲೆಕ್ಕ ಬೇಕಾದಾಗ. ಹೊಸ ಹುಡುಗನಿಗೆ ಪಾಸ್‌ವರ್ಡ್ ತೋರಿಸದೇ ಕೆಲಸ ಮಾತ್ರ ಮಾಡಿಸಬೇಕಾದಾಗ. ಇದಕ್ಕೆ ಆನ್ಸಿಬಲ್ ಮೇಲೆ ಎಡಬ್ಲ್ಯೂಎಕ್ಸ್ ಅನ್ನೋ ವೇದಿಕೆ ಇದೆ. 2017ರಲ್ಲಿ ಇದನ್ನು ಮುಕ್ತವಾಗಿ ಬಿಟ್ಟರು. ಬ್ರೌಸರ್‌ನಲ್ಲಿ ತೆರೆಯತ್ತೆ, ಪಾಸ್‌ವರ್ಡ್‌ಗಳನ್ನು ಗುಪ್ತವಾಗಿ ತನ್ನೊಳಗೆ ಇಟ್ಕೊಳ್ಳತ್ತೆ, ಹುಡುಗನಿಗೆ ಕಾಣೋದು ಒಂದು ಬಟನ್ ಮಾತ್ರ. 2021ರಲ್ಲಿ ಬಂದ 18ನೇ ಆವೃತ್ತಿಯಿಂದ ಈಚೆಗೆ ಇದನ್ನು ಸ್ಥಾಪಿಸುವ ಅಧಿಕೃತ ದಾರಿ ಅಂದ್ರೆ ಕುಬರ್ನೆಟಿಸ್, ಅಂದ್ರೆ ಕಂಟೇನರ್ ಕ್ಲಸ್ಟರ್. ಸುಮ್ಮನೆ ಒಂದು ಸರ್ವರ್‌ಗೆ ಹಾಕಿ ಕೂರೋ ಕಾಲ ಅಲ್ಲಿಗೆ ಮುಗೀತು.

ಕುಬರ್ನೆಟಿಸ್ ಅಂದ್ರೆ ಗ್ರೀಕ್ ಭಾಷೆಯಲ್ಲಿ ಚುಕ್ಕಾಣಿ ಹಿಡಿಯೋನು. 2014ರಲ್ಲಿ ಗೂಗಲ್ ಹೊರಗೆ ಬಿಟ್ಟಿದ್ದು. ಪೀಣ್ಯದ ಭಾಷೆಯಲ್ಲಿ ಹೇಳೋದಾದ್ರೆ ಅವನು ಶಾಪ್ ಫ್ಲೋರ್ ಸೂಪರ್‌ವೈಸರ್. ಬೋರ್ಡ್ ಮೇಲೆ ‘ಇಷ್ಟು ಮೆಷಿನ್ ಓಡ್ತಾ ಇರಬೇಕು’ ಅಂತ ಬರೆದಿಟ್ರೆ ಸಾಕು, ದಿನಪೂರ್ತಿ ಬೋರ್ಡ್ ನೋಡ್ತಾನೆ, ಫ್ಲೋರ್ ನೋಡ್ತಾನೆ, ಒಂದು ನಿಂತಿದ್ರೆ ಇನ್ನೊಂದನ್ನು ಶುರು ಮಾಡ್ತಾನೆ. ಇಲ್ಲಿ ಮೆಷಿನ್ ಅಂದ್ರೆ ಕಂಟೇನರ್. ಒಂದು ತಂತ್ರಾಂಶ, ಅದಕ್ಕೆ ಬೇಕಾದ ಸಾಮಾನು ಎಲ್ಲ ಒಟ್ಟಿಗೆ ಕಟ್ಟಿಟ್ಟ ಗಂಟು. ಅಂಥ ಒಂದೋ ಎರಡೋ ಗಂಟು ಒಟ್ಟಿಗೆ ಓಡಿದರೆ ಅದಕ್ಕೆ ಪಾಡ್ ಅಂತಾರೆ. ಎಡಬ್ಲ್ಯೂಎಕ್ಸ್ ಹಾಕಿದರೆ ಮುಖಪುಟಕ್ಕೆ ಒಂದು ಪಾಡ್, ಕೆಲಸ ಹಂಚೋಕೆ ಒಂದು, ಡೇಟಾಬೇಸ್‌ಗೆ ಒಂದು. ನೀವು ಬಟನ್ ಒತ್ತಿದಾಗಲೆಲ್ಲ ಆ ಕೆಲಸಕ್ಕೇ ಅಂತ ಹೊಸ ಪಾಡ್ ಹುಟ್ಟತ್ತೆ, ಕೆಲಸ ಮುಗಿದ ಮೇಲೆ ಸಾಯತ್ತೆ.

ದೊಡ್ಡ ಕಂಪನಿಗಳು ಇದನ್ನು ಕ್ಲೌಡ್‌ನಲ್ಲಿ ಓಡಿಸ್ತಾವೆ. ನಮಗೆ ಕೆ3ಎಸ್ ಅನ್ನೋ ಚಿಕ್ಕ ಕುಬರ್ನೆಟಿಸ್ ಸಾಕು. ರ‍್ಯಾಂಚರ್ ಕಂಪನಿ 2019ರಲ್ಲಿ ಬಿಟ್ಟಿದ್ದು, ಒಂದೇ ಫೈಲ್, ನೂರು ಎಂಬಿಗಿಂತ ಚಿಕ್ಕದು ಅಂತಲೇ ಪ್ರಚಾರ ಮಾಡಿದ್ದರು. ಮೇಜಿನ ಕೆಳಗೆ ಇಡೋ ಒಂದು ಸಾಧಾರಣ ಪಿಸಿ, 8 ಜಿಬಿ ಮೆಮೊರಿ ಇದ್ರೆ ನಡೆಯತ್ತೆ, 16 ಇದ್ರೆ ನೆಮ್ಮದಿ. ಅಂತರ್ಜಾಲದಲ್ಲಿ ಸಿಗೋ ಪಾಠ ನೋಡ್ಕೊಂಡು ಕೂತ್ರೆ ಮಧ್ಯಾಹ್ನ ಊಟದ ಹೊತ್ತಿಗೆ ಲಾಗಿನ್ ಪುಟ ಬಂದಿರತ್ತೆ. ಅದರ ಬಗ್ಗೆ ನಾನು ಹೆಚ್ಚು ಹೇಳಲ್ಲ. ಲಾಗಿನ್ ಪುಟ ಬಂದ ಮೇಲಿನ ಕಥೆಯನ್ನು ಪಾಠಗಳು ಹೇಳಲ್ಲ, ಅದನ್ನು ಹೇಳ್ತೀನಿ.

ಮೊದಲನೇದು ಐಪಿ ವಿಳಾಸ. ಕೆ3ಎಸ್ ತನ್ನ ಪಾಡ್‌ಗಳಿಗೆ 10.42ರಿಂದ ಶುರುವಾಗೋ ವಿಳಾಸಗಳನ್ನು, ತನ್ನ ಸರ್ವಿಸ್‌ಗಳಿಗೆ 10.43ರಿಂದ ಶುರುವಾಗೋ ವಿಳಾಸಗಳನ್ನು ತಾನೇ ಇಟ್ಕೊಳ್ಳತ್ತೆ. ನಿಮ್ಮ ಯಾವುದೋ ಒಂದು ಕಾರ್ಖಾನೆಯ ನೆಟ್‌ವರ್ಕ್ ಕೂಡ 10.42ರಲ್ಲಿ ಇದ್ರೆ? ಲ್ಯಾಪ್‌ಟಾಪ್‌ನಿಂದ ಸ್ವಿಚ್ ಸಿಗತ್ತೆ. ಎಡಬ್ಲ್ಯೂಎಕ್ಸ್‌ನಿಂದ ಸಿಗಲ್ಲ. ಕ್ಲಸ್ಟರ್ ಆ ವಿಳಾಸವನ್ನು ತನ್ನ ಮನೆಯದೇ ಅಂತ ತಿಳ್ಕೊಂಡಿರತ್ತೆ. ಪಾಸ್‌ವರ್ಡ್ ತಪ್ಪೇನೋ, ಕೇಬಲ್ ಹೋಗಿದ್ಯೇನೋ ಅಂತ ಹುಡುಕ್ತಾ ಎರಡು ದಿನ ಕಳೆಯತ್ತೆ. ಈ ವಿಳಾಸಗಳನ್ನು ಕ್ಲಸ್ಟರ್ ಕಟ್ಟುವಾಗಲೇ ಬೇರೆ ಕೊಡಬೇಕು, ಕಟ್ಟಿದ ಮೇಲೆ ಬದಲಾಯಿಸೋದು ಅಂದ್ರೆ ಹೆಚ್ಚು ಕಡಿಮೆ ಕೆಡವಿ ಕಟ್ಟೋದೇ. ಹಾಗಾಗಿ ಇನ್‌ಸ್ಟಾಲ್ ಮಾಡೋ ಮುಂಚೆ ಮೂವತ್ತೂ ಕಾರ್ಖಾನೆಗಳ ವಿಳಾಸವನ್ನು ಒಂದು ಹಾಳೆಯಲ್ಲಿ ಬರ್ಕೊಳ್ಳಿ.

ಬರ್ಕೊಂಡಾಗ ಇನ್ನೊಂದು ಸತ್ಯ ಗೊತ್ತಾಗತ್ತೆ. ಅರ್ಧಕ್ಕಿಂತ ಹೆಚ್ಚು ಕಡೆ ಒಂದೇ ವಿಳಾಸ ಇರತ್ತೆ, 192.168.1. ಬ್ರಾಡ್‌ಬ್ಯಾಂಡ್ ಹಾಕೋನು ಡಬ್ಬದಲ್ಲಿ ಬಂದ ಹಾಗೇ ಬಿಟ್ಟು ಹೋಗಿರ್ತಾನೆ. ಒಂದು ಬೀದಿಯಲ್ಲಿ ಇಪ್ಪತ್ತು ಮನೆಗೆ ಒಂದೇ ಡೋರ್ ನಂಬರ್ ಕೊಟ್ಟ ಹಾಗೆ. ಲಗ್ಗೆರೆಯಲ್ಲಿ ಕೂತು ‘192.168.1.10ಕ್ಕೆ ಹೋಗು’ ಅಂದ್ರೆ ಯಾವ ಕಾರ್ಖಾನೆಗೆ ಹೋಗಬೇಕು ಅದು?

ಇದಕ್ಕೆ ಎಡಬ್ಲ್ಯೂಎಕ್ಸ್‌ನಲ್ಲೇ ಒಂದು ಉಪಾಯ ಇದೆ, ಎಕ್ಸಿಕ್ಯೂಷನ್ ನೋಡ್ ಅಂತ. ಕ್ಲಸ್ಟರ್ ಲಗ್ಗೆರೆಯಲ್ಲಿ ಇರಲಿ, ಪ್ರತಿ ಕಾರ್ಖಾನೆಯಲ್ಲಿ ಒಂದು ಮಿನಿ ಪಿಸಿ ಇಡಿ. ಬಟನ್ ಒತ್ತಿದಾಗ ಪ್ಲೇಬುಕ್ ಆ ಮಿನಿ ಪಿಸಿಗೆ ಹೋಗತ್ತೆ, ಕೆಲಸ ಅಲ್ಲಿಂದಲೇ ನಡೆಯತ್ತೆ. ಅದಕ್ಕೆ ಕಾಣೋದು ಒಂದೇ 192.168.1, ತನ್ನದು. ಲಗ್ಗೆರೆಗೂ ಮಿನಿ ಪಿಸಿಗೂ ನಡುವೆ ವೈರ್‌ಗಾರ್ಡ್ ತರದ ಒಂದು ವಿಪಿಎನ್, ಅದರೊಳಗೆ ಒಂದೊಂದು ಪೆಟ್ಟಿಗೆಗೂ ಬೇರೆ ಬೇರೆ ವಿಳಾಸ. ಸ್ವಿಚ್‌ಗಳಿಗೂ ‘ಈ ಒಂದು ಪೆಟ್ಟಿಗೆಯಿಂದ ಬಂದ್ರೆ ಮಾತ್ರ ಬಾಗಿಲು ತೆಗಿ’ ಅಂತ ಹೇಳಿಡಬಹುದು.

ಮೂವತ್ತು ಮಿನಿ ಪಿಸಿಗೆ ದುಡ್ಡು ಯಾರು ಕೊಡ್ತಾರೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆಫೀಸಿನಲ್ಲಿ ಮೂಲೆಗೆ ಬಿದ್ದ ಹಳೇ ಪಿಸಿಯೂ ಸಾಕು. ಆದರೆ ಅದರ ಸಿಮಾಸ್ ಬ್ಯಾಟರಿ, ಆ ನಾಣ್ಯದಂಥ ಸಣ್ಣ ಬ್ಯಾಟರಿ, ಮೊದಲು ಬದಲಾಯಿಸಿ. ಅದು ಸತ್ತಿದ್ರೆ ಕರೆಂಟ್ ಹೋಗಿ ಬಂದಾಗ ಪಿಸಿಯ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರತ್ತೆ. ಆ ತಾರೀಖಿನಲ್ಲಿ ನಿಮ್ಮ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಕ್ಲಸ್ಟರ್ ಜೊತೆ ಮಾತೇ ಆಡಲ್ಲ ಅದು. ಬೆಸ್ಕಾಂನೋರು ದಿನಾ ಕರೆಂಟ್ ತೆಗೀತಾರೆ ಅಂತ ನಾನು ಹೇಳ್ತಿಲ್ಲ, ತಿಂಗಳಿಗೊಮ್ಮೆ ತೆಗೆದ್ರೂ ಇಷ್ಟು ಸಾಕು.

ಮಿನಿ ಪಿಸಿ ಒಳಗಡೆ ಇರಬೇಕು ಅನ್ನೋಕೆ ಇನ್ನೂ ದೊಡ್ಡ ಕಾರಣ ಇದೆ. ಅದಕ್ಕೆ ಸ್ವಲ್ಪ ದೂರದ ಎರಡು ಘಟನೆ ನೋಡೋಣ.

2021ರ ಅಕ್ಟೋಬರ್‌ 4, ಸೋಮವಾರ. ನಮ್ಮಲ್ಲಿ ರಾತ್ರಿ ಒಂಬತ್ತು ದಾಟಿತ್ತು. ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಒಟ್ಟಿಗೆ ನಿಂತವು, ನಿಮಗೂ ನೆನಪಿರಬಹುದು. ಸುಮಾರು ಆರು ಗಂಟೆ ಬರಲಿಲ್ಲ. ಆಮೇಲೆ ಕಂಪನಿಯೇ ಹೇಳಿದ್ದು: ನಿರ್ವಹಣೆಯ ವೇಳೆ ಬೆನ್ನೆಲುಬಿನ ನೆಟ್‌ವರ್ಕ್‌ನ ಸಾಮರ್ಥ್ಯ ಎಷ್ಟಿದೆ ಅಂತ ನೋಡೋಕೆ ಕೊಟ್ಟ ಒಂದು ಕಮಾಂಡ್, ಎಲ್ಲ ಸಂಪರ್ಕವನ್ನೂ ಕಡಿದು ಹಾಕ್ತು. ಅಂಥ ಕಮಾಂಡ್ ತಡೀಬೇಕಾದ ಪರಿಶೀಲನಾ ತಂತ್ರಾಂಶದಲ್ಲೂ ದೋಷ ಇತ್ತು. ಸರಿ ಮಾಡೋಣ ಅಂದ್ರೆ, ಸರಿ ಮಾಡೋ ಉಪಕರಣಗಳು ಓಡ್ತಿದ್ದದ್ದೂ ಅದೇ ನೆಟ್‌ವರ್ಕ್ ಮೇಲೆ. ಎಂಜಿನಿಯರ್‌ಗಳು ಡೇಟಾ ಸೆಂಟರ್‌ಗೆ ಖುದ್ದಾಗಿ ಹೋಗಬೇಕಾಯ್ತು, ಭದ್ರತೆಯ ಬಾಗಿಲು ದಾಟೋಕೂ ಹೊತ್ತು ಹಿಡೀತು.

ಮುಂದಿನ ವರ್ಷ, 2022ರ ಜುಲೈ 8, ಕೆನಡಾದ ರಾಜರ್ಸ್ ಕಂಪನಿ. ಸೆಟ್ಟಿಂಗ್ ಬದಲಾಯಿಸುವಾಗ ಒಂದು ಫಿಲ್ಟರ್ ಅಳಿಸಿ ಹೋಯ್ತು. ಅದರ ಹಿಂದೆ ತಡೆಹಿಡಿದಿದ್ದ ಮಾಹಿತಿಯೆಲ್ಲ ಪ್ರವಾಹದಂತೆ ನುಗ್ಗಿ ಮೂಲ ರೂಟರ್‌ಗಳು ಕುಸಿದವು. ಮೊಬೈಲ್, ಇಂಟರ್ನೆಟ್ ಎರಡೂ ಹೋಗಿ 1.2 ಕೋಟಿಗೂ ಹೆಚ್ಚು ಗ್ರಾಹಕರಿಗೆ ತೊಂದರೆ. ಅಲ್ಲೂ ಅದೇ ಕಥೆ. ನಿರ್ವಹಣೆಯ ದಾರಿ ಪ್ರತ್ಯೇಕ ಇರಲಿಲ್ಲ. ಸಿಬ್ಬಂದಿಯ ಫೋನ್‌ಗಳೂ ಅದೇ ಕಂಪನಿಯವು, ಒಬ್ಬರಿಗೊಬ್ಬರು ಮಾತಾಡೋಕೂ ಕಷ್ಟ ಆಯ್ತು.

ಅವರ ನೆಟ್‌ವರ್ಕ್ ಎಲ್ಲಿ, ನಮ್ಮ ನಾಲ್ಕು ಸ್ವಿಚ್ ಎಲ್ಲಿ ಅನ್ನಬೇಡಿ. ಕೀಲಿಕೈ ಮನೆಯೊಳಗೇ ಇಟ್ಟು ಬಾಗಿಲು ಎಳ್ಕೊಂಡ ಹಾಗೆ, ಗುಡಿಸಲಾದರೂ ಬಂಗಲೆಯಾದರೂ ಹೊರಗೆ ನಿಲ್ಲೋದು ಒಂದೇ. ಲಗ್ಗೆರೆಯಿಂದ ಕಾರ್ಖಾನೆಯ ರೂಟರ್ ಸೆಟ್ಟಿಂಗ್ ಬದಲಾಯಿಸ್ತೀರಿ. ಒಂದು ಸಾಲು ತಪ್ಪಾಗತ್ತೆ. ಯಾವ ದಾರಿಯಲ್ಲಿ ಹೋಗಿದ್ರೋ ಆ ದಾರಿಯೇ ಮುಚ್ಚಿ ಹೋಗತ್ತೆ. ಕೆಲಸ ಅರ್ಧಕ್ಕೆ ನಿಂತಿದೆ, ಸರಿ ಮಾಡೋಕೆ ನಿಮ್ಮ ಕೈಗೆ ಅದು ಸಿಗ್ತಾ ಇಲ್ಲ. ಕೆಲಸ ಒಳಗಿನ ಮಿನಿ ಪಿಸಿಯಿಂದಲೇ ಓಡ್ತಿದ್ರೆ, ಹೊರಗಿನ ದಾರಿ ಹೋದ್ರೂ ಸ್ವಿಚ್ ಅದಕ್ಕೆ ಕಾಣ್ತಾ ಇರತ್ತೆ. ‘ಹೊರಗೆ ಪಿಂಗ್ ಹೋಗ್ತಾ ಇದ್ಯಾ? ಇಲ್ಲ ಅಂದ್ರೆ ಹಳೇ ಸೆಟ್ಟಿಂಗ್ ವಾಪಸ್ ಹಾಕು’ ಅಂತ ಪ್ಲೇಬುಕ್‌ನಲ್ಲಿ ಮೊದಲೇ ಬರೆದಿಡಬಹುದು.

ಇದರ ಜೊತೆಗೆ ಹಳೇ ಕಾಲದ ಒಂದು ರಕ್ಷಣೆ ಇದೆ, ಆಟೊಮೇಷನ್ ಬಂತು ಅಂತ ಅದನ್ನು ಬಿಡಬಾರದು. ಸಿಸ್ಕೊ ಪೆಟ್ಟಿಗೆಗಳಲ್ಲಿ ಬದಲಾವಣೆಗೆ ಮುಂಚೆ ‘ಹತ್ತು ನಿಮಿಷದಲ್ಲಿ ರೀಲೋಡ್ ಆಗು’ ಅಂತ ಹೇಳಿಡೋದು. ಎಲ್ಲ ಸರಿ ಇದ್ರೆ ಅದನ್ನು ರದ್ದು ಮಾಡ್ತೀವಿ, ಸೇವ್ ಮಾಡ್ತೀವಿ. ನಾವು ಹೊರಗೆ ಬಿದ್ರೆ ಅದೇ ರೀಲೋಡ್ ಆಗಿ ಹಳೇ ಸೆಟ್ಟಿಂಗ್‌ಗೆ ಬರತ್ತೆ. ಜುನಿಪರ್‌ನಲ್ಲಿ ಇದನ್ನೇ ಇನ್ನೂ ಚೆನ್ನಾಗಿ ಮಾಡಿದ್ದಾರೆ, ‘ಕಮಿಟ್ ಕನ್ಫರ್ಮ್ಡ್’ ಅಂತ. ಹತ್ತು ನಿಮಿಷದೊಳಗೆ ನೀವು ಇನ್ನೊಮ್ಮೆ ‘ಹೌದು’ ಅನ್ನದೇ ಇದ್ರೆ ರೀಬೂಟ್ ಕೂಡ ಇಲ್ಲದೆ ಹಿಂದಕ್ಕೆ ಹೋಗತ್ತೆ. ಮತ್ತೆ ಆನ್ಸಿಬಲ್‌ಗೆ ಹೇಳಿಡಬೇಕು: ಒಂದೊಂದಾಗಿ ಹೋಗು, ಒಂದು ಕೆಟ್ರೆ ಅಲ್ಲೇ ನಿಲ್ಲು. ಹೇಳದೇ ಇದ್ರೆ ಅದು ಐದೈದು ಪೆಟ್ಟಿಗೆಗೆ ಒಟ್ಟಿಗೆ ಕೈ ಹಾಕತ್ತೆ. ಕೈಯಲ್ಲಿ ಮಾಡುವಾಗ ತಪ್ಪಾದ್ರೆ ಒಂದು ಕಾರ್ಖಾನೆ ನಿಲ್ಲೋದು. ಬಟನ್‌ನಲ್ಲಿ ತಪ್ಪಾದ್ರೆ ಮೂವತ್ತು ಕಾರ್ಖಾನೆಯ ಲಾರಿಗಳು ಸಾಲಾಗಿ ನಿಲ್ತವೆ.

ಸರಿ, ಕ್ಲಸ್ಟರ್‌ಗೆ ವಾಪಸ್ ಬರೋಣ. ‘ಮೂರು ಪಿಸಿ ಇಟ್ಬಿಡಿ, ಒಂದು ಹೋದ್ರೆ ಇನ್ನೊಂದು ನೋಡ್ಕೊಳ್ಳತ್ತೆ’ ಅಂತ ಯಾರಾದ್ರೂ ಹೇಳ್ತಾರೆ. ಅರ್ಧ ನಿಜ. ಮೊದಲು, ಎರಡು ಇಡಬೇಡಿ. ಕ್ಲಸ್ಟರ್ ಬಹುಮತದ ಮೇಲೆ ನಡೆಯೋದು. ಮೂರರಲ್ಲಿ ಒಂದು ಹೋದ್ರೆ ಎರಡು ಉಳಿಯತ್ತೆ, ಬಹುಮತ ಇದೆ. ಎರಡರಲ್ಲಿ ಒಂದು ಹೋದ್ರೆ ಉಳಿದದ್ದಕ್ಕೆ ಬಹುಮತ ಇಲ್ಲ, ಅದೂ ಕೈ ಕಟ್ಟಿ ಕೂರತ್ತೆ. ಒಂದು ಪಿಸಿ ಇಟ್ಟಿದ್ದಕ್ಕಿಂತ ಕಡೆ ಆಯ್ತು.

ಮೂರು ಇಟ್ರೂ ಡೇಟಾಬೇಸ್ ಕಥೆ ಬೇರೆ. ಎಡಬ್ಲ್ಯೂಎಕ್ಸ್‌ನ ಎಲ್ಲ ನೆನಪೂ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ. ಆ ಪಾಡ್ ಒಂದೇ ಒಂದು. ಕೆ3ಎಸ್ ಜೊತೆ ಬರೋ ಸಾಧಾರಣ ಶೇಖರಣೆಯಲ್ಲಿ ಅದರ ಡೇಟಾ ಯಾವುದೋ ಒಂದು ಪಿಸಿಯ ಡಿಸ್ಕ್ ಮೇಲೆ ಕೂತಿರತ್ತೆ. ಆ ಪಿಸಿ ಸತ್ರೆ ಮಿಕ್ಕ ಎರಡು ಬದುಕಿದ್ದೂ ಪ್ರಯೋಜನ ಇಲ್ಲ. ಸೂಪರ್‌ವೈಸರ್ ಇನ್ನೊಂದು ಮೆಷಿನ್ ಶುರು ಮಾಡೋಕೆ ಸಿದ್ಧ ಇದ್ದಾನೆ, ಆದರೆ ಡ್ರಾಯಿಂಗ್ ಇದ್ದ ಬೀರು ಸುಟ್ಟು ಹೋಗಿದೆ. ಲಾಂಗ್‌ಹಾರ್ನ್ ತರದ ತಂತ್ರಾಂಶ ಹಾಕಿ ಡೇಟಾವನ್ನು ಮೂರೂ ಕಡೆ ನಕಲು ಇಡಬಹುದು, ಅಥವಾ ಡೇಟಾಬೇಸನ್ನು ಕ್ಲಸ್ಟರ್‌ನಿಂದ ಹೊರಗೇ ಇಡಬಹುದು. ನನ್ನನ್ನು ಕೇಳಿದ್ರೆ ಈ ಗಾತ್ರದವರಿಗೆ ಒಂದೇ ಪಿಸಿ, ಒಳ್ಳೇ ಎಸ್‌ಎಸ್‌ಡಿ, ಒಂದು ಯುಪಿಎಸ್, ಪಕ್ಕಾ ಬ್ಯಾಕಪ್. ಒಂದು ಗಂಟೆ ಎಡಬ್ಲ್ಯೂಎಕ್ಸ್ ಇಲ್ಲದಿದ್ರೆ ಯಾವ ಕಾರ್ಖಾನೆಯೂ ನಿಲ್ಲಲ್ಲ. ಬ್ಯಾಕಪ್ ಇಲ್ಲದಿದ್ರೆ ನೀವು ನಿಲ್ತೀರಿ.

ಬ್ಯಾಕಪ್ ಅಂದೆ. ಎಡಬ್ಲ್ಯೂಎಕ್ಸ್‌ನ ಆಪರೇಟರ್‌ಗೆ ಬ್ಯಾಕಪ್ ತೆಗಿ ಅಂದ್ರೆ ತೆಗೆಯತ್ತೆ. ಎಲ್ಲಿ ಇಡತ್ತೆ? ಬೇರೆ ಏನೂ ಹೇಳದಿದ್ರೆ ಅದೇ ಕ್ಲಸ್ಟರ್ ಒಳಗೆ. ಒಂದೇ ಡಿಸ್ಕ್ ಮೇಲೆ ಅಸಲೂ ನಕಲೂ ಒಟ್ಟಿಗೆ. ಅಲ್ಲಿಂದ ಹೊರಗೆ, ಇನ್ನೊಂದು ಕಡೆಗೆ ಕಾಪಿ ಮಾಡೋದು ನಿಮ್ಮ ಕೆಲಸ.

ಇನ್ನೊಂದು ವಸ್ತು ಇದೆ, ದಯವಿಟ್ಟು ಇದನ್ನು ಗಮನ ಇಟ್ಟು ಕೇಳಿ. ಎಡಬ್ಲ್ಯೂಎಕ್ಸ್ ಹುಟ್ಟುವಾಗಲೇ ಒಂದು ಗುಪ್ತ ಕೀಲಿ ಮಾಡ್ಕೊಳ್ಳತ್ತೆ, ಕ್ಲಸ್ಟರ್ ಒಳಗೆ ಸೀಕ್ರೆಟ್ ಅಂತ ಇಡತ್ತೆ. ನೀವು ಒಳಗಿಟ್ಟ ನೂರಿಪ್ಪತ್ತು ಸ್ವಿಚ್‌ಗಳ ಪಾಸ್‌ವರ್ಡ್‌ಗಳೆಲ್ಲ ಅದರಿಂದಲೇ ಮುಚ್ಚಿರೋದು. ಡೇಟಾಬೇಸ್ ಮಾತ್ರ ಉಳಿಸ್ಕೊಂಡು ಈ ಕೀಲಿ ಕಳ್ಕೊಂಡ್ರೆ, ಹೊಸ ಪಿಸಿಯಲ್ಲಿ ಎಲ್ಲ ಕಾಣತ್ತೆ, ಕಾರ್ಖಾನೆಗಳ ಪಟ್ಟಿ, ಪ್ಲೇಬುಕ್, ಹಳೇ ವರದಿ. ಪಾಸ್‌ವರ್ಡ್ ಒಂದೂ ಬಿಚ್ಚಲ್ಲ. ಮೊದಲು ಹೇಳಿದೆನಲ್ಲ, ಯಾರಿಗೂ ಪಾಸ್‌ವರ್ಡ್ ತೋರಿಸದೇ ಕೆಲಸ ಮಾಡಿಸೋದು ಇದರ ಲಾಭ ಅಂತ. ಈಗ ನಿಜವಾಗಲೂ ಯಾರಿಗೂ ಗೊತ್ತಿಲ್ಲ! ಒಂದೊಂದು ಕಾರ್ಖಾನೆಗೂ ಹೋಗಿ, ಕನ್ಸೋಲ್ ಕೇಬಲ್ ಹಾಕಿ, ಒಂದೊಂದು ಸ್ವಿಚ್ಚನ್ನೂ ರೀಸೆಟ್ ಮಾಡ್ಕೊಂಡು ಬರಬೇಕು. ಈ ಕೀಲಿಯನ್ನು ಬೇರೆಯಾಗಿ ತೆಗೆದು ಕ್ಲಸ್ಟರ್‌ಗೆ ಸಂಬಂಧ ಇಲ್ಲದ ಎರಡು ಜಾಗದಲ್ಲಿ ಇಡಿ. ಒಂದು ಕಾಗದದ ಮೇಲೆ ಅಚ್ಚು ಹಾಕಿ ಬೀರುವಿನಲ್ಲಿಟ್ರೆ ನಾನು ನಗಲ್ಲ.

ಇಂಟರ್ನೆಟ್ ಇಲ್ಲದಾಗ ಕ್ಲಸ್ಟರ್ ಎದ್ದು ನಿಲ್ಲತ್ತಾ ಅನ್ನೋದೂ ನೋಡ್ಬೇಕು. ಕಂಟೇನರ್‌ನ ಅಚ್ಚು, ಇಮೇಜ್ ಅಂತಾರೆ, ಅದು ಇರೋದು ಹೊರಗಿನ ಭಂಡಾರದಲ್ಲಿ. ಇಮೇಜ್ ಹೆಸರಿನ ಕೊನೆಗೆ ‘ಲೇಟೆಸ್ಟ್’ ಅಂತಿದ್ರೆ ಕುಬರ್ನೆಟಿಸ್ ಪ್ರತಿ ಸಲ ಶುರು ಮಾಡುವಾಗಲೂ ಭಂಡಾರವನ್ನು ಕೇಳೇ ಕೇಳತ್ತೆ, ಪಿಸಿಯಲ್ಲೇ ಆ ಇಮೇಜ್ ಇದ್ರೂ ಸರಿ. ಇಂಟರ್ನೆಟ್ ಹೋಗಿದೆ, ಸರಿ ಮಾಡೋಣ ಅಂತ ಬಟನ್ ಒತ್ತಿದ್ರೆ, ‘ಇಮೇಜ್ ತರೋಕೆ ಇಂಟರ್ನೆಟ್ ಇಲ್ಲ’ ಅನ್ನತ್ತೆ. ಆವೃತ್ತಿಯ ಸಂಖ್ಯೆ ಖಚಿತವಾಗಿ ಬರೆದು, ಇಮೇಜ್‌ಗಳನ್ನು ಪಿಸಿಯಲ್ಲೇ ಫೈಲ್ ಆಗಿ ಇಟ್ಕೊಳ್ಳೋ ವ್ಯವಸ್ಥೆ ಕೆ3ಎಸ್‌ನಲ್ಲಿ ಇದೆ. ಡಿಸ್ಕ್ ತುಂಬೋಕೆ ಬಿಡಬೇಡಿ. ಶೇಕಡ 85 ದಾಟಿದ್ರೆ ಕುಬರ್ನೆಟಿಸ್ ತಾನೇ ಬಳಕೆಯಲ್ಲಿ ಇಲ್ಲದ ಇಮೇಜ್‌ಗಳನ್ನು ಅಳಿಸೋಕೆ ಶುರು ಮಾಡತ್ತೆ, ಕೆಲಸ ಇಲ್ಲದೆ ಕೂತ ಇಮೇಜ್ ಅಂದ್ರೆ ಸ್ವಿಚ್ ರಿಪೇರಿಯದ್ದೇ ಇರಬಹುದು.

ಹಳೇ ಸ್ವಿಚ್‌ಗಳ ಬಗ್ಗೆ ಎರಡು ಮಾತು. ಹದಿನೈದು ವರ್ಷದ ಹಿಂದಿನ ಸ್ವಿಚ್ ಇನ್ನೂ ಓಡ್ತಾ ಇರೋ ಕಾರ್ಖಾನೆಗಳು ಇವೆ. ಅವುಗಳ ಎಸ್‌ಎಸ್‌ಎಚ್ ಹಳೇ ಗೂಢಲಿಪಿ ಬಳಸತ್ತೆ. ಹೊಸ ಕಂಟೇನರ್ ಒಳಗಿನ ಲೈಬ್ರರಿ ಅದನ್ನು ‘ಸುರಕ್ಷಿತ ಅಲ್ಲ’ ಅಂತ ತಳ್ಳಿಬಿಡತ್ತೆ. ಅಂಥ ಸ್ವಿಚ್‌ಗೆ ಮಾತ್ರ ಬೇರೆ ಇಮೇಜ್ ಮಾಡಿ ಇಡಬೇಕು. ಎಲ್ಲದಕ್ಕೂ ಹಳೇ ಗೂಢಲಿಪಿ ತೆರೆದಿಡೋದು ತಪ್ಪು. ಇನ್ನು ಎಸ್‌ಪಿ ರೋಡ್‌ನಲ್ಲಿ ತಂದ ಅನ್‌ಮ್ಯಾನೇಜ್ಡ್ ಸ್ವಿಚ್ಚು, ಅದಕ್ಕೆ ಲಾಗಿನ್ನೇ ಇಲ್ಲ. ಅದನ್ನು ಯಾವ ಕ್ಲಸ್ಟರ್ರೂ ಏನೂ ಮಾಡಕ್ಕಾಗಲ್ಲ.

ದಾಖಲೆ ವಿಷಯವನ್ನೂ ಹೇಳ್ಬೇಕು, ಯಾಕಂದ್ರೆ ಸಣ್ಣವರಿಗೂ ಇದು ಅನ್ವಯ ಆಗತ್ತೆ. ಸರ್ಟ್–ಇನ್ ಸಂಸ್ಥೆ 2022ರ ಏಪ್ರಿಲ್‌ 28ರಂದು ನಿರ್ದೇಶನ ಹೊರಡಿಸ್ತು. ಸೈಬರ್ ಘಟನೆ ಆದ್ರೆ ಆರು ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಸಣ್ಣ, ಮಧ್ಯಮ ಉದ್ಯಮಗಳಿಗೆ ಅದೇ ವರ್ಷದ ಸೆಪ್ಟೆಂಬರ್‌ 25ರವರೆಗೆ ಕಾಲಾವಕಾಶ ಕೊಟ್ಟಿದ್ದರು. ಯಾರು ಏನು ಬದಲಾಯಿಸಿದರು ಅನ್ನೋ ಜಾಬ್ ವರದಿ ಎಡಬ್ಲ್ಯೂಎಕ್ಸ್‌ನಲ್ಲಿ ತಾನಾಗಿ ಸಿಗತ್ತೆ, ಖುಷಿಯ ವಿಷಯ. ಆದರೆ ಅದರ ಜೊತೆ ಬರೋ ಸ್ವಚ್ಛತಾ ಕೆಲಸ 120 ದಿನ ಆದ ವರದಿಗಳನ್ನು ಅಳಿಸಿ ಹಾಕತ್ತೆ. ಮೊದಲ ದಿನವೇ ಆ ಸಂಖ್ಯೆ ಬದಲಾಯಿಸಿ.

ಇಷ್ಟೆಲ್ಲ ಕೇಳಿ, ‘ಸಾರ್, ನಂಗೆ ಇದು ಬೇಕಾ?’ ಅಂತ ಯಾರಾದ್ರೂ ಕೇಳಿದ್ರೆ, ಎಷ್ಟೋ ಜನಕ್ಕೆ ಬೇಡ ಅಂತಲೇ ಹೇಳ್ತೀನಿ. ಒಂದು ಕಾರ್ಖಾನೆ, ಹತ್ತು ಸ್ವಿಚ್, ಒಬ್ಬ ಮನುಷ್ಯ ಅಂದ್ರೆ ಒಂದು ಲಿನಕ್ಸ್ ಪಿಸಿ, ಅದರಲ್ಲಿ ಆನ್ಸಿಬಲ್, ಪ್ಲೇಬುಕ್‌ಗಳನ್ನು ಗಿಟ್‌ನಲ್ಲಿ ಇಟ್ರೆ ಆಯ್ತು. ಕ್ಲಸ್ಟರ್ ಹಾಕಿದ್ರೆ ಸ್ವಿಚ್ ನೋಡ್ಕೊಳ್ಳೋದಕ್ಕಿಂತ ಕ್ಲಸ್ಟರ್ ನೋಡ್ಕೊಳ್ಳೋದೇ ದೊಡ್ಡ ಕೆಲಸ ಆಗತ್ತೆ. ಇನ್ನೊಂದು ಕಾರಣ: ಎಡಬ್ಲ್ಯೂಎಕ್ಸ್ 24.6.1 ಆವೃತ್ತಿ 2024ರ ಜುಲೈನಲ್ಲಿ ಬಂತು. ಅದಾದ ಮೇಲೆ ಒಳಗಿನ ರಚನೆಯನ್ನೇ ಬದಲಾಯಿಸ್ತೀವಿ ಅಂತ ಹೇಳಿ ಹೊಸ ಬಿಡುಗಡೆಗಳನ್ನು ನಿಲ್ಲಿಸಿದ್ರು. ಪುಕ್ಕಟೆ ತಂತ್ರಾಂಶದ ಮೇಲೆ ಮೂವತ್ತು ಕಾರ್ಖಾನೆ ನಿಲ್ಲಿಸೋನು ಇದನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು. ಪ್ಲೇಬುಕ್‌ಗಳು ಎಡಬ್ಲ್ಯೂಎಕ್ಸ್ ಒಳಗೆ ಅಲ್ಲ, ಗಿಟ್‌ನಲ್ಲಿ ಇದ್ರೆ ನಾಳೆ ಸೆಮಫೋರ್ ಅಂಥ ಬೇರೆ ವೇದಿಕೆಗೆ ಹೋದ್ರೂ ಬರಹ ಕೈಯಲ್ಲಿ ಉಳಿಯತ್ತೆ.

ಹುಡುಗರ ಕೆಲಸ ಹೋಗತ್ತಾ ಅಂತಲೂ ಕೇಳ್ತಾರೆ. ಬೈಕ್‌ನಲ್ಲಿ ಲ್ಯಾಪ್‌ಟಾಪ್ ಹಾಕ್ಕೊಂಡು ಪೀಣ್ಯ ಒಂದನೇ ಹಂತದಿಂದ ನಾಲ್ಕನೇ ಹಂತಕ್ಕೆ ಓಡಾಡಿ ಒಂದೇ ನಾಲ್ಕು ಸಾಲು ಟೈಪ್ ಮಾಡೋ ಕೆಲಸ ಕಡಿಮೆ ಆಗತ್ತೆ, ಅದು ನಿಜ. ಕೇಬಲ್ ತುಂಡಾದ್ರೆ, ಇಲಿ ಕಚ್ಚಿದ್ರೆ, ಸ್ವಿಚ್ ಧೂಳು ಕುಡಿದು ಸತ್ರೆ ಹೋಗೋದು ಅವರೇ. ನನ್ನ ಆತಂಕ ಬೇರೆ. ಬಟನ್ ಒತ್ತೋದಷ್ಟೇ ಕಲಿತು, ಬಟನ್ ಹಿಂದಿನ ನಾಲ್ಕು ಸಾಲು ಏನು ಅಂತ ಗೊತ್ತಿಲ್ಲದ ಹುಡುಗ, ಕ್ಲಸ್ಟರ್ ಕೈ ಕೊಟ್ಟ ದಿನ ಸ್ವಿಚ್ ಮುಂದೆ ನಿಂತು ಏನು ಮಾಡ್ತಾನೆ? ಹಾಗಾಗಿ ಪ್ಲೇಬುಕ್ ಬರೆಸೋದೂ ಅವರ ಕೈಯಲ್ಲೇ ಆಗಬೇಕು.

ಶುರು ಮಾಡೋರು ಮೊದಲ ಮೂರು ತಿಂಗಳು ಏನನ್ನೂ ಬದಲಾಯಿಸೋ ಪ್ಲೇಬುಕ್ ಹಾಕಬೇಡಿ. ರಾತ್ರಿ ಎರಡು ಗಂಟೆಗೆ ಎಲ್ಲ ಸ್ವಿಚ್‌ಗಳ ಸೆಟ್ಟಿಂಗ್ ಓದಿ ಗಿಟ್‌ನಲ್ಲಿ ಇಡೋ ಕೆಲಸ ಒಂದೇ ಸಾಕು. ಬೆಳಿಗ್ಗೆ ನೋಡಿದ್ರೆ ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಅಂತ ಸಾಲು ಸಾಲಾಗಿ ಕಾಣತ್ತೆ. ಯಾರೋ ಫೋನ್‌ನಲ್ಲಿ ‘ನಾನೇನೂ ಮುಟ್ಟಿಲ್ಲ ಸಾರ್’ ಅಂದಾಗ ಅದು ಬಹಳ ಉಪಯೋಗಕ್ಕೆ ಬರತ್ತೆ. ಈ ಮೂರು ತಿಂಗಳಲ್ಲಿ ಒಂದು ಭಾನುವಾರ, ಕಾರ್ಖಾನೆಗಳು ರಜೆ ಇದ್ದಾಗ, ಕ್ಲಸ್ಟರ್ ಪಿಸಿಯ ಪ್ಲಗ್ ಕಿತ್ತು ಪಕ್ಕಕ್ಕೆ ಇಡಿ. ಬೇರೆ ಪಿಸಿ ತಗೊಂಡು, ಇಂಟರ್ನೆಟ್ ಕೇಬಲ್ ತೆಗೆದಿಟ್ಟು, ಬ್ಯಾಕಪ್‌ನಿಂದ, ಬೀರುವಿನಲ್ಲಿಟ್ಟ ಆ ಕೀಲಿಯಿಂದ, ಎಡಬ್ಲ್ಯೂಎಕ್ಸ್ ಮತ್ತೆ ಏಳತ್ತಾ ಅಂತ ನೋಡಿ. ಎದ್ದ ಮೇಲೆ ಇಂಟರ್ನೆಟ್ ಕೊಟ್ಟು ಒಂದು ಸ್ವಿಚ್‌ಗೆ ಲಾಗಿನ್ ಆದ್ರೆ ಗೆದ್ರಿ. ಎಷ್ಟು ಗಂಟೆ ಹಿಡೀತು ಅಂತ ಬರ್ಕೊಳ್ಳಿ, ಓನರ್ ಕೇಳಿದಾಗ ಹೇಳೋಕೆ ಅದೇ ಸಂಖ್ಯೆ.

ಪಾಸ್‌ವರ್ಡ್ ಬದಲಾಯಿಸೋ ಪ್ಲೇಬುಕ್ ಅದಾದ ಮೇಲೆ. ಮೊದಲು ನಿಮ್ಮ ಆಫೀಸಿನ ಸ್ವಿಚ್ ಮೇಲೆ ಓಡಿಸಿ, ಆಮೇಲೆ ನಡೆದುಕೊಂಡು ಹೋಗೋಷ್ಟು ಹತ್ತಿರ ಇರೋ ಕಾರ್ಖಾನೆ.